ವೆಂಟಿಲೇಟರ್ ಬೇಡ ಅನ್ನೋ ತಾಯಿ: ಜಿಪಿಎ ಇದ್ದರೆ ಸಾಕಾ?

ಪ್ರಶ್ನೆ: ವೃದ್ಧಾಶ್ರಮದಲ್ಲಿರುವ ಅಮ್ಮನಿಗೆ 78, ಬುದ್ಧಿ ಚುರುಕಾಗಿದೆ. ಕೊನೆಗಾಲದಲ್ಲಿ ವೆಂಟಿಲೇಟರ್ ಬೇಡ ಅಂತಾರೆ. ನನ್ನ ಹೆಸರಿಗೆ ಜಿಪಿಎ (ಅವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಇದೆ. ಸಾಕಲ್ವಾ?

ಉತ್ತರ 1: ಸಾಲದು. ಅವರ ಬುದ್ಧಿ ಸ್ವಾಧೀನ ತಪ್ಪಿದರೆ ಜಿಪಿಎ ಬಿದ್ದುಹೋಗುತ್ತೆ, ಅಂದರೆ ಬೇಕಾದ ಹೊತ್ತಿಗೇ ಇರಲ್ಲ. ಈಗಲೇ ಲಿವಿಂಗ್ ವಿಲ್ (ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರ) ಮಾಡಿಸಿ. ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. 2018ರಲ್ಲಿ ಮ್ಯಾಜಿಸ್ಟ್ರೇಟ್ ಸಹಿಯೂ ಬೇಕಿತ್ತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದಿದೆ.

ಉತ್ತರ 2: ಆ ವಿಲ್‌ನಲ್ಲಿ, ಅಮ್ಮನ ಪರ ತೀರ್ಮಾನಿಸುವ ಪ್ರತಿನಿಧಿಯಾಗಿ ಒಬ್ಬರಿಗಿಂತ ಹೆಚ್ಚು ಜನರ ಹೆಸರು ಬರೆಸಿ. ಬರೀ ‘ನರಳಿಸಬೇಡಿ’ ಅಂದರೆ ಡಾಕ್ಟರಿಗೆ ಏನೂ ತಿಳಿಯಲ್ಲ. ವೆಂಟಿಲೇಟರ್, ಡಯಾಲಿಸಿಸ್, ಮೂಗಿನ ನಳಿಕೆ ಎಂದು ಬಿಡಿಸಿ ಬರೆಯಿರಿ. ಪತ್ರವಿದ್ದರೂ ಚಿಕಿತ್ಸೆ ನಿಲ್ಲಿಸಲು ಆಸ್ಪತ್ರೆಯ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು.

ಉತ್ತರ 3: ಪತ್ರ ಬೀರುವಿನಲ್ಲೇ ಇದ್ದರೆ ಪ್ರಯೋಜನವಿಲ್ಲ; ಆಶ್ರಮಕ್ಕೂ ಒಂದು ಪ್ರತಿ ಕೊಡಿ. ಅಮ್ಮನಿಗೆ ತಿಳಿವಳಿಕೆ ಇರುವವರೆಗೂ ಅವರ ಮಾತೇ ಅಂತಿಮ, ನಿಮ್ಮ ಸಹಿಯಲ್ಲ.