ಹಾಲು ಕುಡಿಸುವಾಗ ಲಿವರ್ ರಿಪೋರ್ಟ್ ಹೆಚ್ಚು ಬಂದವರು ಯಾರಾದರೂ ಇದ್ದೀರಾ?

ಮುಧೋಳದ ಬಾಣಂತಿ: ಕೂಸಿಗೆ 7 ವಾರ. ಬಸುರಿಯಲ್ಲಿ ಎಂಟು ತಿಂಗಳಾದಾಗ ಅಂಗೈ, ಅಂಗಾಲು ರಾತ್ರಿಯೆಲ್ಲ ತುರಿಸುತ್ತಿತ್ತು. ರಕ್ತದಲ್ಲಿ ಬೈಲ್ ಆಸಿಡ್ (ಪಿತ್ತದ ಆಮ್ಲ) ಜಾಸ್ತಿ ಅಂತ ಗುಳಿಗೆ ಕೊಟ್ಟರು. ಹೆರಿಗೆಯಾಗಿ ನಾಲ್ಕೇ ದಿನಕ್ಕೆ ತುರಿಕೆ ಹೋಯಿತು. ಆದರೆ ಮೊನ್ನೆ ಲಿವರ್ ಟೆಸ್ಟಿನಲ್ಲಿ ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾದರೆ ಏರುವ ಅಂಶ) ಇನ್ನೂ 96 ಬಂದಿದೆ. ಅತ್ತೆ ಹಾಲು ಬಿಡಿಸು, ಕಾಮಣಿ ಔಷಧ ಕುಡಿ ಅಂತಿದ್ದಾರೆ. ನೀವೆಲ್ಲ ಏನು ಮಾಡಿದಿರಿ?

ಗೋಕಾಕದ ಅಕ್ಕ: ನನಗೂ ಇದೇ ಆಗಿತ್ತು, 2021ರಲ್ಲಿ. ರಾತ್ರಿ ಎರಡಕ್ಕೆ ಎದ್ದು ಬಚ್ಚಲಲ್ಲಿ ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿರುತ್ತಿದ್ದೆ. ಕಾಲು ಹೊರಗೆ ತೆಗೆದರೆ ಮತ್ತೆ ಶುರು. ಮೈಮೇಲೆ ಒಂದು ಗುಳ್ಳೆ ಇಲ್ಲ! ಮೊದಲು ತೋರಿಸಿದ ದವಾಖಾನೆಯಲ್ಲಿ ಹೊಟ್ಟೆ ಹಿಗ್ಗಿದರೆ ಹಾಗೇ ಅಂತ ಲೋಶನ್ ಕೊಟ್ಟು ಕಳಿಸಿದರು, ಅಲ್ಲೇ 12 ದಿನ ಹಾಳಾಯಿತು. ಬೆಳಗಾವಿಗೆ ಹೋದಾಗ ಬೈಲ್ ಆಸಿಡ್ 58. ಟೆಸ್ಟಿಗೆ 1,900, ಗಾಡಿ ಬಾಡಿಗೆ 2,400, ರಿಪೋರ್ಟ್ ಮೂರು ದಿನ ತಡವಾಗಿ ಮತ್ತೊಂದು ಸಲ ಅದೇ ಬಾಡಿಗೆ. ಗುಳಿಗೆ ದಿನಕ್ಕೆ ಮೂರರಂತೆ ಆರು ವಾರ, ಆ ಬಿಲ್ಲುಗಳನ್ನು ಇನ್ನೂ ಇಟ್ಟಿದ್ದೇನೆ. 37 ವಾರಕ್ಕೆ ನೋವು ಬರಿಸಿ ಹೆರಿಗೆ ಮಾಡಿಸಿದರು. ಹಾಲು ಬಿಡಿಸಲಿಲ್ಲ ನಾನು. ಆ ಗುಳಿಗೆ ಹಾಲಿಗೆ ಇಳಿಯೋದು ಭಾಳ ಕಮ್ಮಿ ಅಂತ ಡಾಕ್ಟರೇ ಹೇಳಿದರು. ಎಸ್‌ಜಿಪಿಟಿ 6 ವಾರಕ್ಕೆ 110 ಇತ್ತು, ಮೂರು ತಿಂಗಳಿಗೆ 34. ಮಗನಿಗೆ 22 ತಿಂಗಳು ಕುಡಿಸಿದ್ದೇನೆ. ತಾಯಿ ಗಟ್ಟಿ ಮನಸ್ಸು ಮಾಡಿದರೆ ಎಲ್ಲ ಆಗುತ್ತೆ.

ಇಳಕಲ್ ಸೊಸೆ: ಗಟ್ಟಿ ಮನಸ್ಸು ಅಂದರೆ ಏನು ಅಕ್ಕಾ? ನನಗೆ ಬಿಪಿ ಏರಿ ಹೆಲ್ಪ್ ಸಿಂಡ್ರೋಮ್ ಆಯಿತು, ಅಂದರೆ ಬಸುರಿಯಲ್ಲಿ ರಕ್ತಕಣ ಒಡೆದು, ಲಿವರ್ ಕೆಟ್ಟು, ಪ್ಲೇಟ್‌ಲೆಟ್ ಇಳಿಯೋ ಬೇನೆ. ಪ್ಲೇಟ್‌ಲೆಟ್ 38 ಸಾವಿರ, ಎಸ್‌ಜಿಪಿಟಿ 400 ದಾಟಿತ್ತು. 34 ವಾರಕ್ಕೆ ಕೊಯ್ದು ತೆಗೆದರು. ಕೂಸು ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ಪೆಟ್ಟಿಗೆಯೊಳಗೆ, ನಾನು ಇನ್ನೊಂದರಲ್ಲಿ ಐಸಿಯುದಲ್ಲಿ. ಒಂಬತ್ತು ದಿನ ಅವಳ ಮುಖ ನೋಡಿಲ್ಲ. ಎದೆ ಕಲ್ಲಾಗಿ ಜ್ವರ ಬಂತು. ಹಾಲು ಹಿಂಡಿ ತೆಗೆಯಬಹುದು ಅಂತ ನನಗೆ ಒಬ್ಬರೂ ಹೇಳಲಿಲ್ಲ. ಮನೆಗೆ ಬಂದಾಗ ಹಾಲೇ ಇರಲಿಲ್ಲ. ಎರಡೂ ದವಾಖಾನೆ ಸೇರಿ 3 ಲಕ್ಷ 70 ಸಾವಿರ, ಹೊಲದ ಮೇಲೆ ಸಾಲ. ಮೇಲೆ ಡಬ್ಬಿ ಹಾಲು, ಐದು ದಿನಕ್ಕೊಂದು ಡಬ್ಬಿ. ನನ್ನ ಮಗಳು ಅದರಲ್ಲೇ ಬೆಳೆದಳು, ಈಗ ಓಡಾಡುತ್ತಾಳೆ. 22 ತಿಂಗಳ ಲೆಕ್ಕ ನಮ್ಮ ಮುಂದೆ ಹೇಳಬೇಡಿ.

ಗೋಕಾಕದ ಅಕ್ಕ: ನಿನಗೆ ಅಂದಿದ್ದಲ್ಲ ತಂಗಿ. ನನ್ನದು ನಾನು ಹೇಳಿದೆ.

ಇಳಕಲ್ ಸೊಸೆ: ಎಲ್ಲರೂ ಹೀಗೇ ಅಂತಾರೆ.

ಜಮಖಂಡಿ ಅಜ್ಜಿ: ಮುಧೋಳದ ಮಗಳೇ, ನಿಮ್ಮ ಅತ್ತೆ ಸುಳ್ಳು ಹೇಳಿಲ್ಲ. ನನ್ನ ಸೊಸೆಗೆ ಕಣ್ಣು ಅರಿಶಿನ ಆಗಿತ್ತು. ನೆಲನೆಲ್ಲಿ ಬೇರುಸಮೇತ ಅರೆದು ಮಜ್ಜಿಗೆಯಲ್ಲಿ ಖಾಲಿ ಹೊಟ್ಟೆಗೆ ಕೊಟ್ಟೆ. ಎಣ್ಣೆ, ತುಪ್ಪ ಬಂದ್, ಅಂಟಿನ ಉಂಡಿ ಬಂದ್. ಹದಿನೈದು ದಿನಕ್ಕೆ ಕಣ್ಣು ಬೆಳ್ಳಗಾಯಿತು. ಒಂದು ರೂಪಾಯಿ ಖರ್ಚಿಲ್ಲ.

ಅಥಣಿಯ ತಾಯಿ: ಅಜ್ಜಿ, ನೀರಿನಿಂದ ಬರುವ ಕಾಮಣಿ ಬಹಳಷ್ಟು ಮಂದಿಗೆ ತಾನಾಗೇ ಕೆಲವು ವಾರದಲ್ಲಿ ಇಳಿಯುತ್ತೆ, ಮಜ್ಜಿಗೆ ಕುಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅದೇ ಬಸುರಿಯರಿಗೆ ಕಡೇ ಮೂರು ತಿಂಗಳಲ್ಲಿ ಬಂದರೆ ಜೀವಕ್ಕೇ ಕುತ್ತು. ಈ ಹುಡುಗಿಯದು ಅದೂ ಅಲ್ಲ, ಇದೂ ಅಲ್ಲ. ನನ್ನ ಕಥೆ ಕೇಳಿ. ಬಾಣಂತನದಲ್ಲಿ ಶಕ್ತಿ ಬರಲಿ ಅಂತ ನಮ್ಮ ವೈನಿ ಅಮೃತಬಳ್ಳಿ ಕಷಾಯ ಕೊಟ್ಟರು. ಹಿತ್ತಲ ಬೇವಿನ ಮರಕ್ಕೆ ಹಬ್ಬಿದ್ದ ಬಳ್ಳಿ, ಹಿತ್ತಾಳೆ ಚಂಬಿನಲ್ಲಿ ಕುದಿಸಿ ದಿನಾ ಬೆಳಿಗ್ಗೆ ಅರ್ಧ ಲೋಟ, 40 ದಿನ. ಮೂತ್ರ ಚಹಾದ ಬಣ್ಣಕ್ಕೆ ಬಂತು. ಎಸ್‌ಜಿಪಿಟಿ 640! ಕಷಾಯ ಬಿಟ್ಟ ಮೇಲೆ ಎರಡೂವರೆ ತಿಂಗಳಿಗೆ ಇಳಿಯಿತು. ಟೆಸ್ಟುಗಳಿಗೇ 14,300. ಇವತ್ತಿಗೂ ವೈನಿ ಒಪ್ಪಲ್ಲ.

ಜಮಖಂಡಿ ಅಜ್ಜಿ: ಅಮೃತಬಳ್ಳಿಗೆ ಯಾಕೆ ಕೆಟ್ಟ ಹೆಸರು? ನಾವೆಲ್ಲ ಕುಡಿದೇ ಬೆಳೆದವರು. ನಿಮ್ಮ ಗುಳಿಗೆಯಿಂದಲೇ ಆಗಿರಬೇಕು.

ಅಥಣಿಯ ತಾಯಿ: ಗುಳಿಗೆಯೇ ಇರಲಿಲ್ಲ ಅಜ್ಜಿ, ಕಬ್ಬಿಣದ್ದು ಬಿಟ್ಟು. 2021ರಲ್ಲಿ ಮುಂಬೈ ಡಾಕ್ಟರರು ಇದೇ ಬಳ್ಳಿಯಿಂದ ಲಿವರ್ ಕೆಟ್ಟವರ ಬಗ್ಗೆ ಬರೆದಾಗ ಆಯುಷ್ ಸಚಿವಾಲಯವೂ ನಿಮ್ಮ ಹಾಗೇ ಒಪ್ಪಲಿಲ್ಲ. ನನ್ನ ರಿಪೋರ್ಟ್ ನನ್ನ ಕೈಯಲ್ಲಿದೆ. ದಯವಿಟ್ಟು ಬಾಣಂತಿಗೆ ಏನೇನೋ ಅರೆದು ಕುಡಿಸಬೇಡಿ.

ಸಿಂದಗಿ ಹುಡುಗಿ: ನನ್ನದು ಹೆಪಟೈಟಿಸ್ ಬಿ, ಲಿವರಿಗೆ ತಗಲುವ ವೈರಸ್ ಬೇನೆ. ಏಳನೇ ತಿಂಗಳಲ್ಲಿ ಗೊತ್ತಾಯಿತು. ಅವತ್ತಿನಿಂದ ನನ್ನ ತಾಟು, ಲೋಟ ಬೇರೆ ಇಟ್ಟರು, ಗಂಡನ ಮನೆಯವರು ಕೂಸನ್ನು ನನ್ನ ಎದೆಗೆ ಹಚ್ಚಲು ಬಿಡಲಿಲ್ಲ. ಊಟದಿಂದ, ತಾಟಿನಿಂದ ಹರಡುವ ಬೇನೆ ಅಲ್ಲ ಅದು. ಹುಟ್ಟಿದ 24 ತಾಸಿನೊಳಗೆ ಲಸಿಕೆ, 12 ತಾಸಿನೊಳಗೆ ಇಮ್ಯುನೊಗ್ಲಾಬ್ಯುಲಿನ್ ಅಂತ ಬೇರೆ ಇಂಜೆಕ್ಷನ್, ಇವೆರಡೂ ಕೊಟ್ಟರೆ ಹಾಲು ಕುಡಿಸಬಹುದು. ಮೊಲೆತೊಟ್ಟು ಒಡೆದು ರಕ್ತ ಬಂದರೆ ಮಾತ್ರ ಮಾಯುವವರೆಗೆ ಆ ಕಡೆ ಬೇಡ ಅಂದರು. ಆದರೆ ಆ ಇಂಜೆಕ್ಷನ್! ರಾತ್ರಿ 11ಕ್ಕೆ ನಮ್ಮಪ್ಪ ವಿಜಯಪುರದಲ್ಲಿ ಐದು ಮೆಡಿಕಲ್ ಅಂಗಡಿ ತಿರುಗಿದರು. ಕಡೆಗೆ 5,800ಕ್ಕೆ ಸಿಕ್ಕಿತು, ಐಸ್ ಹಾಕಿದ ಟಿಫಿನ್ ಡಬ್ಬಿಯಲ್ಲಿ ಎದೆಗವಚಿಕೊಂಡು ತಂದರು. ಮಗನಿಗೆ ವರ್ಷ ತುಂಬಿದಾಗ ಟೆಸ್ಟ್ ನೆಗೆಟಿವ್.

ನವನಗರದ ನರ್ಸ್: 5,800 ಯಾಕೆ ಕೊಟ್ಟಿರಿ? 2018ರಲ್ಲಿ ಶುರುವಾದ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗೆ ಆ ಇಂಜೆಕ್ಷನ್ ಪುಕ್ಕಟೆ ಬರುತ್ತೆ. ಜನ ಕೇಳೋದೇ ಇಲ್ಲ.

ಸಿಂದಗಿ ಹುಡುಗಿ: ಕೇಳಿದೆವು ಮೇಡಂ. ಸ್ಟಾಕ್ ಇಲ್ಲ ಅಂದರು. ನಡುರಾತ್ರಿಯಲ್ಲಿ 12 ತಾಸಿನ ಲೆಕ್ಕ ಹಾಕುತ್ತ ನಿಂತವರಿಗೆ ಹಾಗೆ ಅನ್ನಬೇಡಿ.

ನವನಗರದ ನರ್ಸ್: ಹೆರಿಗೆಗೆ ಮುಂಚೆಯೇ ತಾಯಿ ಕಾರ್ಡ್ ತೋರಿಸಿ ತರಿಸಿ ಇಡಿ ಅಂತ ಹೇಳಬೇಕು. ಹೆರಿಗೆಯಾದ ಮೇಲೆ ಓಡಾಡಿದರೆ ಹೀಗೇ.

ಇಳಕಲ್ ಸೊಸೆ: ಅದನ್ನೂ ಬಾಣಂತಿಯೇ ತಿಳಿದಿರಬೇಕು ಅಲ್ವಾ? ನಿಮ್ಮವರು ಹೇಳಬೇಕಾಗಿದ್ದು.

ಸಿಂದಗಿ ಹುಡುಗಿ: ಜಗಳ ಬೇಡ. ಮೇಡಂ, ಎಷ್ಟು ದಿನ ಮುಂಚೆ ಹೇಳಬೇಕು, ಯಾರ ಹತ್ತಿರ? ನನ್ನ ತಂಗಿಗೆ ಮುಂದಿನ ತಿಂಗಳು ಹೆರಿಗೆ, ಅವಳದೂ ಪಾಸಿಟಿವ್ ಬಂದಿದೆ. ಆಮೇಲೆ ನಮ್ಮವ್ವನ ಟೆಸ್ಟ್ ಮಾಡಿಸಿದೆವು. ಅವರದೂ ಪಾಸಿಟಿವ್.