ಇಂಗ್ಲಿಷ್‌ನಲ್ಲಿ ಬರೆದರೆ ನನ್ನ ದೆವ್ವ ಯಾರನ್ನೂ ಹೆದರಿಸ್ತಿಲ್ಲ!

ಇಂಗ್ಲಿಷ್‌ನಲ್ಲಿ ಒಂದು ದೆವ್ವದ ಕಥೆ ಬರೆಯುತ್ತಿದ್ದೇನೆ. ದೆವ್ವ ಬಂದಾಗಲೆಲ್ಲ ಬರೀ ‘ಸ್ಕೇರಿ’, ‘ಹಾರಿಬಲ್’. ಓದಿದ ತಂಗಿಗೆ ಹೆದರಿಕೆ ಬರಲಿಲ್ಲ, ಆಕಳಿಕೆ ಬಂತು. ಬರೆದು ಅನುಭವ ಇರುವವರು ದಾರಿ ತೋರಿಸಿ.

— ನಾನೂ ಇದೇ ಹಳ್ಳಕ್ಕೆ ಬಿದ್ದಿದ್ದೆ. ಭಯಂಕರ ಅನ್ನುವ ಅರ್ಥ ನೋಡಿ ‘ಟೆರಿಫಿಕ್ ಫೇಸ್’ ಅಂತ ಬರೆದೆ. ಹಿಂದೆ ಆ ಪದಕ್ಕೆ ಆ ಅರ್ಥ ಇದ್ದದ್ದು ನಿಜ. ಈಗ ಓದುವವರಿಗೆ ‘ಸೂಪರ್ ಮುಖ’ ಅಂತಲೇ ಕೇಳಿಸುತ್ತದೆ! ‘ವೈಟ್ ಆಸ್ ಎ ಶೀಟ್’ ಕೂಡ ಕೈಕೊಟ್ಟಿತು. ಅದನ್ನು ಹೇಳುವುದು ದೆವ್ವ ಕಂಡು ಬಿಳಿಚಿಕೊಂಡವನಿಗೆ, ದೆವ್ವಕ್ಕಲ್ಲ.

ನನಗೆ ಕಣ್ಣು ತೆರೆಸಿದ್ದು ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’. 1818ರ ಕಾದಂಬರಿ. ಅದರಲ್ಲಿ ವಿಜ್ಞಾನಿಯೊಬ್ಬ ಸೃಷ್ಟಿಸಿದ ಜೀವಿಯ ಹಲ್ಲು ಮುತ್ತಿನಂತೆ ಬಿಳಿ, ಕೂದಲು ಹೊಳೆಯುವ ಕಪ್ಪು. ಅದರ ಜೊತೆಗೇ ನೀರು ನೀರಾದ ಕಣ್ಣು, ಒಳಗಿನ ಸ್ನಾಯು ಮುಚ್ಚಲೂ ಸಾಲದ ಹಳದಿ ಚರ್ಮ. ಎಲ್ಲವೂ ವಿಕಾರವಾಗಿದ್ದರೆ ಇಷ್ಟು ಮೈ ಜುಮ್ಮೆನ್ನುತ್ತಿರಲಿಲ್ಲ, ಅಲ್ವಾ?

— ‘ರೆಡ್-ಐಡ್’ ಅಂದರೆ ಅತ್ತವನೋ, ನಿದ್ದೆಗೆಟ್ಟವನೋ ಅನ್ನಿಸುತ್ತದೆ. ನಮ್ಮ ಕೆಂಡದಂಥ ಕಣ್ಣು ‘ಐಸ್ ಲೈಕ್ ಎಂಬರ್ಸ್’ ಆಗಿ ಆರಾಮಾಗಿ ಹೋಗುತ್ತದೆ. ಸ್ವಲ್ಪ ಹಳೇ ಸರಕು, ಒಂದು ಸಲ ಸಾಕು. ಕೋರೆಹಲ್ಲಿಗೆ ‘ಫ್ಯಾಂಗ್ಸ್’ ಅನ್ನಿ. ‘ಕೆನೈನ್’ ಅಂದರೆ ಹಲ್ಲಿನ ಡಾಕ್ಟರ್ ನೆನಪಾಗುತ್ತಾರೆ. ಕೆನ್ನೆ ಒಳಗೆ ಹೋಗಿ ಮೂಳೆ ಕಾಣುವ ಮುಖಕ್ಕೆ ‘ಥಿನ್’ ಸಾಲದು, ‘ಗಾಂಟ್’ ಇದೆ.

— ನಮ್ಮಜ್ಜಿ ಹೇಳುತ್ತಿದ್ದ ಮೋಹಿನಿಗೆ ಸೀರೆ, ಮಲ್ಲಿಗೆ, ನಗು ಎಲ್ಲ ಇರುತ್ತಿತ್ತು. ಪಾದ ಮಾತ್ರ ಹಿಂದುಮುಂದು. ಅಜ್ಜಿ ಪಾದದ ವಿಷಯ ಕೊನೆಗೇ ಹೇಳುತ್ತಿದ್ದಳು. ಇಂಗ್ಲಿಷ್‌ನಲ್ಲೂ ಹಾಗೇ ಮಾಡಿ. ವಿಶೇಷಣಗಳನ್ನೆಲ್ಲ ನಾಮಪದದ ಮುಂದೆ ಪೇರಿಸಬೇಡಿ. ‘ವಿತ್’ ಹಾಕಿ, ಹೆದರಿಸುವ ಒಂದೇ ವಿವರವನ್ನು ವಾಕ್ಯದ ತುದಿಗೆ ಇಡಿ.

— ಎಲ್ಲ ಸರಿ, ಆದರೆ ಹೆದರಿಸೋಕೆ ಸುಮ್ನೆ ಮುಖದ ಮೇಲೊಂದು ಗಾಯದ ಕಲೆ ಬರೆಯಬೇಡಿ. ವಿಲನ್‌ನ ಗುರುತಿಗೆ ಮುಖದ ಕಲೆ ಬಳಸುವ ಚಿತ್ರಗಳಿಗೆ ಹಣ ಕೊಡುವುದಿಲ್ಲ ಅಂತ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2018ರಲ್ಲೇ ಹೇಳಿದೆ. ನಮ್ಮಣ್ಣನ ಕೆನ್ನೆ ತುಂಬ ಸುಟ್ಟ ಕಲೆ. ಬೀದಿ ಮಕ್ಕಳೆಲ್ಲ ಅವನ ಹೆಗಲ ಮೇಲೇ ಇರುತ್ತಾರೆ.