ಅಪ್‌ಡೇಟ್: ಪಿಕಪ್‌ನ ಫೋರ್ ವೀಲ್ ಈಗ ಹಿಡಿಯುತ್ತಿದೆ

ಹಳೇ ಡೀಸೆಲ್ ಪಿಕಪ್‌ನಲ್ಲಿ ಲಿವರ್ 4ಎಚ್‌ಗೆ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಸ್ಥಾನ) ಬೀಳುತ್ತೆ, ಆದರೆ ಡ್ಯಾಶ್‌ಬೋರ್ಡ್ ದೀಪ ಮಿನುಗುತ್ತಲೇ ಇರುತ್ತೆ, ತೋಟದ ಕೆಸರು ಏರಿನಲ್ಲಿ ಹಿಂದಿನ ಚಕ್ರ ಮಾತ್ರ ತಿರುಗುತ್ತೆ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಸೋಮವಾರಪೇಟೆಯ ಗ್ಯಾರೇಜೊಂದರಲ್ಲಿ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಬಿಚ್ಚಬೇಕು ಎಂದರು. ನನಗೆ ನಂಬಿಕೆ ಬರಲಿಲ್ಲ. ಕಾಫಿ ಕಣದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ ಮುಂದಿನ ಪ್ರೊಪೆಲರ್ ಶಾಫ್ಟ್ (ಟ್ರಾನ್ಸ್‌ಫರ್ ಕೇಸ್‌ನಿಂದ ಮುಂದಿನ ಆಕ್ಸಲ್‌ಗೆ ಹೋಗುವ ದಂಡ) ಕೈಯಲ್ಲಿ ತಿರುಗಿಸಿದೆ. 2ಎಚ್‌ನಲ್ಲಿ (ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ) ತಿರುಗಿತು, 4ಎಚ್‌ನಲ್ಲಿ ಅಲುಗಲಿಲ್ಲ. ಅಂದರೆ ಟ್ರಾನ್ಸ್‌ಫರ್ ಕೇಸ್ ಆ ಶಾಫ್ಟನ್ನು ಹಿಂದಿನದಕ್ಕೆ ಜೋಡಿಸುತ್ತಿದೆ, ಅದು ಸರಿಯಿದೆ, ಮುಂದಿನ ಆಕ್ಸಲ್ ಸೇರಿಕೊಳ್ಳುತ್ತಿಲ್ಲ.

ನನ್ನ ಗಾಡಿಯಲ್ಲಿ ಆಕ್ಸಲ್ ಸೇರಿಸುವುದು ವ್ಯಾಕ್ಯೂಮ್ ಆಕ್ಚುಯೇಟರ್, ಅಂದರೆ ಪಂಪು ಗಾಳಿ ಹೀರಿದಾಗ ಕೆಲಸ ಮಾಡುವ ಭಾಗ. ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರ್‌ಗೂ ಅದೇ ಪಂಪು. ಬ್ರೇಕ್ ಚೆನ್ನಾಗಿತ್ತು, ಹಾಗಾಗಿ ಪಂಪಿನ ಮೇಲೆ ಅನುಮಾನ ಇರಲಿಲ್ಲ. ಎಂಜಿನ್ ಚಾಲೂ ಮಾಡಿ, 4ಎಚ್‌ಗೆ ಹಾಕಿ, ಆಕ್ಚುಯೇಟರ್ ಪೈಪ್ ಕಿತ್ತು ತುದಿಗೆ ಬೆರಳಿಟ್ಟೆ. ಎಳೆತವೇ ಇಲ್ಲ! ಪೈಪ್ ಹಿಡಿದುಕೊಂಡು ಹಿಂದಕ್ಕೆ ಹೋದರೆ, ಬ್ಯಾಟರಿ ತಟ್ಟೆಯ ಕೆಳಗೆ ಇಲಿ ಕಡಿದ ತೂತು, ಪಕ್ಕದಲ್ಲೇ ರಬ್ಬರ್ ಚೂರು. ಮಳೆಗಾಲದಲ್ಲಿ ಬಾನೆಟ್ ಒಳಗಿನ ಬಿಸಿ ಇಲಿಗೂ ಬೇಕು, ಅಲ್ವಾ?

ಪೈಪ್ ಬದಲಿಸಿದೆ. ಕೆಸರಲ್ಲಿ ನೇರವಾಗಿ ಸ್ವಲ್ಪ ದೂರ ಓಡಿಸಿದ ಮೇಲೆ ದೀಪ ಸ್ಥಿರವಾಯಿತು. ಆದರೆ ಒಣ ಟಾರ್ ರಸ್ತೆಯಲ್ಲಿ 4ಎಚ್ ಪರೀಕ್ಷೆ ಮಾಡಬೇಡಿ, ತಿರುವಿನಲ್ಲಿ ಡ್ರೈವ್‌ಲೈನ್ (ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟ್, ಗೇರ್‌ಗಳು) ಬಿಗಿದುಕೊಳ್ಳುತ್ತೆ.